ಉಡಿಯಲ್ಲಿ ಮೂರು ಕಿಲೋ

ನರೋಣಾ
ಗುರುವಾರ, 14 ನವೆಂಬರ್ 2024

ಚಿ. ಸೌ. ಶೈಲಶ್ರೀಗೆ,

ನಿನ್ನ ಅತ್ತೆ ಗುರಮ್ಮನ ತುಂಬು ಆಶೀರ್ವಾದ. ಇತ್ತ ನಾವು ಕ್ಷೇಮ, ಅತ್ತ ನೀವೂ ಕ್ಷೇಮ ಎಂಬ ಸಾಲಿನಿಂದಲೇ ಕಾಗದ ಸುರು ಆಗಬೇಕೆಂದು ಸಾಲಿಯಲ್ಲಿ ಕಲಿಸಿದ್ದರು. ಬರೆದೆ, ಓದಿದೆ, ಹೊಡೆದು ಹಾಕಿದೆ. ನಾನು ಕ್ಷೇಮವಾಗಿಲ್ಲ, ನೀನೂ ಇಲ್ಲ. ಸುಳ್ಳಿನಿಂದ ಸುರು ಮಾಡುವುದು ಬೇಡ, ಈಗಾಗಲೇ ಸಾಕಷ್ಟು ಆಗಿದೆ.

ತಡವಾದದ್ದಕ್ಕೆ ಕ್ಷಮಿಸು. ಗಿರಾಕಿ ಬಹಳ, ಮೊಣಕಾಲು ನೋವು, ಪೆನ್ನು ಸಿಗಲಿಲ್ಲ ಎಂದೆಲ್ಲ ಬರೆಯಬಹುದಿತ್ತು. ಆದರೆ ಪೆನ್ನನ್ನು ನಾನೇ ಡಬ್ಬಿಗಟ್ಟಲೆ ಮಾರುತ್ತೇನೆಂದು ನಿನಗೆ ಗೊತ್ತಿರುವುದರಿಂದ ಆ ನೆಪ ನಡೆಯುವುದಿಲ್ಲ. ಖರೇ ಕಾರಣ ದಣಿವು. ಚೀಲ ಎತ್ತಿದ ದಣಿವಲ್ಲ. ಐವತ್ತೆಂಟು ವರ್ಷ ‘ನನಗೆಲ್ಲ ಗೊತ್ತದ’ ಎಂದು ತಿರುಗಾಡಿದವಳಿಗೆ ಒಮ್ಮೆಲೇ ಏನೂ ಗೊತ್ತಿಲ್ಲವೆಂದು ತಿಳಿದರೆ ಒಂದು ದಣಿವು ಬರುತ್ತದೆ. ಅದು ಕೂತರೆ ಹೋಗುವುದಿಲ್ಲ, ಮಲಗಿದರೆ ಹೆಚ್ಚಾಗುತ್ತದೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಜೇವರ್ಗಿಯ ನಿಮ್ಮ ಮನೆಯಲ್ಲಿ ಸ್ಪೀಕರಿಗೆ ಹಾಕದೆ ಯಾರಾದರೂ ಫೋನಿನಲ್ಲಿ ಮಾತಾಡಿದ್ದನ್ನು ನಾನು ಕಂಡಿಲ್ಲ. ನಾನು ‘ಹಲೋ’ ಅಂದರೆ ನಿಮ್ಮವ್ವ, ನಿಮ್ಮಪ್ಪ, ನಿಮ್ಮ ಕಾಕಾ, ಕಟ್ಟೆಯ ಮೇಲೆ ಕೂತ ಇನ್ನಿಬ್ಬರು ಎಲ್ಲರೂ ಒಟ್ಟಿಗೆ ‘ಹ್ಞಾ ಹೇಳ್ರಿ’ ಅನ್ನುತ್ತಾರೆ. ಈ ಮಾತು ಅಷ್ಟು ಮಂದಿಗಲ್ಲ, ನಿನ್ನೊಬ್ಬಳಿಗೆ. ಅದಕ್ಕೇ ಅಂಗಡಿಯ ರೂಲ್ ಪಟ್ಟಿಯಿಂದ ನಾಲ್ಕು ಹಾಳೆ ಹರಿದುಕೊಂಡು ಕೂತಿದ್ದೇನೆ.

ರವಿವಾರ ನಿಮ್ಮವ್ವ ಫೋನ್ ಮಾಡಿದ್ದರು. “ಬೀಗತೇರ, ಹುಡುಗಿ ಉಣ್ಣವಲ್ಲಳ್ರಿ. ಒಂದು ರೊಟ್ಟಿ ತಿಂದು ತಾಟು ಸರಸ್ತಾಳ. ಮತ್ತೊಂದು ಹಾಕಾಕ ಹ್ವಾದ್ರ ‘ಬ್ಯಾಡವ್ವಾ, ಅತ್ತಿ ಹೇಳ್ಯಾರ, ಕೂಸು ದಪ್ಪ ಆದ್ರ ಸಿಕ್ಕೊಂತದ’ ಅಂತಾಳ. ಊಟದ ಮೇಡಂ ಬರದ ಕೊಟ್ಟ ಹಾಳಿ ಗ್ವಾಡಿಗೆ ಹಚ್ಚೇವಿ, ಗ್ವಾಡಿ ದಪ್ಪ ಆಗಾಕತ್ತದ, ಹುಡುಗಿ ಆಗವಲ್ಲಳು. ನೀವ ಏನರ ಹೇಳ್ರಿ.”

ಶೈಲಾ, ನಾನು ನಿನಗೆ ಒಂದೂವರೆ ವರ್ಷದಲ್ಲಿ ಸಾವಿರ ಮಾತು ಹೇಳಿದ್ದೇನೆ. ಮೊಸರಿನ ಗಡಿಗೆ ಮುಚ್ಚಿಡು ಅಂದೆ, ಬೆಕ್ಕು ಉಂಡಿತು. ಒಲೆಯ ಮೇಲೆ ಹಾಲಿದೆ ನೋಡು ಅಂದೆ, ನೀನು ಫೋನ್ ನೋಡಿದೆ. ಹೊಸ್ತಿಲ ಮೇಲೆ ಕೂಡಬೇಡ ಅಂದೆ, ಅಲ್ಲೇ ಕೂತು ಶೇಂಗಾ ಸುಲಿದೆ. ಇಷ್ಟೆಲ್ಲ ಗಾಳಿಗೆ ಬಿಟ್ಟವಳು, ಹೇಳಬಾರದಿದ್ದ ಆ ಒಂದು ಮಾತನ್ನು ಮಾತ್ರ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಜೇವರ್ಗಿಗೆ ಒಯ್ದೆಯಲ್ಲ. ಎಂಥಾ ಆಜ್ಞಾಧಾರಕ ಸೊಸೆ ಬೇ ನೀನು!

ನಗಬೇಕೆಂದು ಬರೆದೆ. ನಗು ಬಂದರೆ ನಗು, ಆಮೇಲೆ ಮುಂದೆ ಓದು.

ನರ್ಸಬಾಯಿ ಸುಮಂಗಲಾ, ‘ಮಾಡಿದ ತಪ್ಪನ್ನ ಕೈಯಾರೆ ಬರೆದು ಕೊಡ್ರಿ, ಬಾಯಿ ಮಾತು ನಿಮ್ದು ಬಹಳ ಆಗ್ಯಾವ’ ಅಂದಿದ್ದಾಳೆ. ಅವಳಿಗೊಂದು ಕೊಟ್ಟಿದ್ದೇನೆ. ನಿನಗೂ ಒಂದು ಸಲ್ಲಬೇಕು. ಕೇಳು: ನಾನು ಗುರಮ್ಮ ಗಂಡ ಚಂದ್ರಾಮಪ್ಪ, ವಯಸ್ಸು ಐವತ್ತೆಂಟು, ಉದ್ಯೋಗ ಕಿರಾಣಿ ಅಂಗಡಿ, ಸಾಕಿನ್ ನರೋಣಾ, ಈ ಮೂಲಕ ಬರೆದುಕೊಡುವುದೇನೆಂದರೆ, ನನ್ನ ಸೊಸೆಗೆ ಐದನೇ ತಿಂಗಳು ನಡೆದಾಗ ಸದರಿ ಸುಮಂಗಲಾ ಅವಳನ್ನು ಮಷೀನಿನ ಮೇಲೆ ನಿಲ್ಲಿಸಿ, “ನಲವತ್ತೆರಡು ಇದ್ದಾಕಿ ನಲವತ್ತಮೂರಕ್ಕ ಬಂದಾಳ, ಇದು ಸಾಲೂದಿಲ್ರಿ. ಈಗಿಂದ ತಿಂಗಳಿಗಿ ಎರಡು ಕಿಲೋ ಏರಬೇಕು. ಏರಲಿಲ್ಲಂದ್ರ ಆಳಂದಕ್ಕ ಡಯಟಿಷಿಯನ್ ಮೇಡಂ ಹಂತ್ಯಾಕ ಚೀಟಿ ಬರದು ಕಳಸ್ತೇನಿ” ಎಂದಳು.

ಚೀಟಿ! ಅದೂ ಕಿರಾಣಿ ಅಂಗಡಿಯ ಮನೆಗೆ! ಊರಿಗೆಲ್ಲ ಬೇಳೆ ಬೆಲ್ಲ ತೂಗಿ ಕೊಡುವ ಗುರಮ್ಮನ ಸೊಸೆಗೆ ಊಟ ಕಮ್ಮಿ ಬಿದ್ದಿದೆ ಎಂದು ಸರಕಾರದವರು ಬರೆದು ಸಹಿ ಹಾಕಿದರೆ ನಾನು ಯಾವ ಮುಖದಿಂದ ತಕ್ಕಡಿ ಹಿಡಿಯಲಿ? ಅದು ಒಂದು ಕಡೆ. ಇನ್ನೊಂದು ಕಡೆ, ನೀನು ದಪ್ಪಗಾಗಬಾರದು ಎಂದು ನಾನೇ ನಿನ್ನ ಎರಡನೇ ರೊಟ್ಟಿಯ ಮೇಲೆ ಕಣ್ಣಿಟ್ಟಿದ್ದೆ. “ಹೊಟ್ಟಿ ಒಂದ ಅದ. ಅದನ್ನ ರೊಟ್ಟಿ ಹಾಕಿ ತುಂಬಿದ್ರ ಕೂಸು ಎಲ್ಲಿ ಕುಂದ್ರಬೇಕು? ಸಣ್ಣ ಕೂಸು ಸರಳ ಬರ್ತದ, ಹೊರಗ ಬಂದ ಮ್ಯಾಲ ಬೆಳಸೋಣು” ಎಂದು ಎಷ್ಟು ಸಲ ಹೇಳಿಲ್ಲ! ರೊಟ್ಟಿಯೂ ಹೆಚ್ಚಬಾರದು, ಚೀಟಿಯೂ ಬರಬಾರದು. ಇಂಥಾ ಇಕ್ಕಟ್ಟಿನಲ್ಲಿ ಬೇರೆ ಅತ್ತೆಯಂದಿರು ದೇವರ ಮೊರೆ ಹೋಗುತ್ತಾರೆ. ನಾನು ಅಂಗಡಿಯವಳು, ತೂಕದ ಕಲ್ಲಿನ ಮೊರೆ ಹೋದೆ.

ಅದೇ ತಿಂಗಳ ಕೊನೆಗೆ ಅವಳು ಮತ್ತೆ ತೂಕಕ್ಕೆ ಕರೆದಾಗ, ನೀನು ನಿಲ್ಲುವ ಮುಂಚೆಯೇ ನಿನ್ನ ಉಡಿಯಲ್ಲಿ ಒಂದು ಕಿಲೋದ ಕಬ್ಬಿಣದ ಕಲ್ಲು ಇಟ್ಟೆನಲ್ಲ. “ಅತ್ತೀ, ತಂಪು ಹತ್ತತದ್ರಿ” ಅಂದೆ ನೀನು. “ಜರಾ ಹೊತ್ತು, ಉಸುರು ಬಿಗಿ ಹಿಡಿ” ಅಂದೆ ನಾನು. ಮಷೀನು ನಲವತ್ತನಾಲ್ಕು ಅಂದಿತು. ಆರನೇ ತಿಂಗಳಿಗೆ ಎರಡು ಕಿಲೋ. ಏಳರಲ್ಲಿ ಸೀಮಂತದ ಕುಬಸ ಮಾಡಿದ ಮರುದಿನ ಮೂರು ಕಿಲೋ, ಮೇಲೆ ಸೊಂಟಕ್ಕೆ ಅರ್ಧ ಕಿಲೋದ ಬೆಳ್ಳಿಯ ಡಾಬು. ನೀನು ನಡೆದು ಬರುವುದನ್ನು ನೋಡಿ ಸುಮಂಗಲಾ “ಈಗ ಬಸುರಿ ಕಳೆ ಬಂತು ನೋಡ್ರಿ, ನಡಿಗಿ ಎಷ್ಟು ಭಾರ ಆಗ್ಯದ” ಎಂದು ಖುಷಿಪಟ್ಟಳು. ಇಳಿಯುವಾಗ ಒಳಗೆ ಟಣ್ ಎಂದಿತು. ಅವಳು ತಲೆ ಎತ್ತಿದಳು. “ಕಾಲುಂಗುರಾ” ಅಂದೆ ನಾನು. ಕಾಲುಂಗುರ ಸೊಂಟದಲ್ಲಿ ಬಾರಿಸಿದ್ದು ನರೋಣಾದ ಇತಿಹಾಸದಲ್ಲಿ ಅದೇ ಮೊದಲು.

ಲೋಕದ ಅತ್ತೆಯರು ಸೊಸೆಯ ಉಡಿಯನ್ನು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿಯಿಂದ ತುಂಬುತ್ತಾರೆ. ನಾನು ಕಬ್ಬಿಣದಿಂದ ತುಂಬಿದೆ. ತಾಯಿ ಕಾರ್ಡಿನಲ್ಲಿ ನೀನು ದುಂಡಗಾಗುತ್ತಾ ಹೋದೆ. ಕನ್ನಡಿಯಲ್ಲಿ ನಿನ್ನ ಕೊರಳ ಎಲುಬು ಕಾಣುತ್ತಿತ್ತು. ನನಗೆ ಕಾರ್ಡು ಓದಲು ಬರುತ್ತಿತ್ತು, ನಿನ್ನನ್ನು ಓದಲು ಬರಲಿಲ್ಲ.

ಮುಂದಿನದು ನಿನಗೆ ಗೊತ್ತು. ತವರಿಗೆ ಹೋದ ಎಂಟು ದಿನಕ್ಕೆ ಜೇವರ್ಗಿಯ ದವಾಖಾನೆಯ ಮಷೀನು ಬರೀ ನಲವತ್ತೈದು ಅಂದಿತು. ಕಾರ್ಡು ನಲವತ್ತೆಂಟೂವರೆ ಅನ್ನುತ್ತಿತ್ತು. ಎಂಟು ದಿನದಲ್ಲಿ ಮೂರೂವರೆ ಕಿಲೋ ಎಲ್ಲಿ ಹೋಯಿತೆಂದು ಅವರು ಗಾಬರಿಯಾಗಿ ಸ್ಕ್ಯಾನ್ ಮಾಡಿಸಿದರು. ಕೂಸು ಅದರ ದಿನಕ್ಕಿಂತ ಸಣ್ಣದಿದೆ, ಇನ್ನು ಒಂಬತ್ತು ವಾರದಲ್ಲಿ ತಾಯಿ ಉಂಡು ಅದನ್ನು ಬೆಳೆಸಬೇಕು ಎಂದರು. ಅಷ್ಟಾದರೂ ನೀನು ನನ್ನ ಹೆಸರು ಎತ್ತಲಿಲ್ಲ. ‘ನರೋಣಾದ ಮಷೀನ್ ಕೆಟ್ಟದ್ರಿ’ ಅಂದೆ.

ನಿನ್ನ ಆ ಒಂದು ಮಾತಿನಿಂದ ಇಲ್ಲಿ ಏನಾಯಿತು ಹೇಳಲೇ? ನಾಲ್ಕು ದಿನಕ್ಕೆ ಸುಮಂಗಲಾಗೆ ಮೇಲಿನಿಂದ ಕಾಗದ ಬಂತು: ನಿಮ್ಮ ತೂಕದ ಮಷೀನ್ ತಪ್ಪು ತೋರಿಸುತ್ತದೆ, ಪರೀಕ್ಷಿಸಿ ವರದಿ ಕೊಡಿ, ಇಲ್ಲವಾದರೆ ಕಾರಣ ಕೊಡಿ. ಹುಡುಗಿ ಅಳುಮೋರೆ ಮಾಡಿಕೊಂಡು ಮಷೀನನ್ನು ಕೂಸಿನಂತೆ ಎದೆಗವಚಿಕೊಂಡು ಎಲ್ಲಿಗೆ ಬಂದಳು ಅನ್ನುತ್ತೀ? ನಮ್ಮ ಅಂಗಡಿಗೆ.

“ಗುರಮ್ಮಾರ, ಜರಾ ನಿಮ್ಮ ತೂಕದ ಕಲ್ಲು ಕೊಡ್ರಿ. ಊರಾಗ ಬರೋಬ್ಬರಿ ಕಲ್ಲು ಅಂದ್ರ ನಿಮ್ಮವ. ಇದರ ಮ್ಯಾಲ ಇಟ್ಟು ನೋಡ್ತೇನಿ, ಎಷ್ಟು ತಪ್ಪು ತೋರಸ್ತದಂತ.”

ನಾನೇನು ಮಾಡಲಿ? ಕೊಟ್ಟೆ. ಒಂದು ಕಿಲೋ ಇಟ್ಟಳು, ಒಂದು ತೋರಿಸಿತು. ಎರಡು ಇಟ್ಟಳು, ಎರಡು. ಐದರದನ್ನು ಇಟ್ಟಳು, ಐದು. ಒಂದು ಗುಂಜಿ ಹೆಚ್ಚಿಲ್ಲ, ಕಡಿಮೆ ಇಲ್ಲ. ನಿಮ್ಮ ಮಾವ ಗಲ್ಲೆಯ ಹಿಂದಿನಿಂದ “ಮಷೀನ್ ಅಂದ್ರ ಹಿಂಗ ಇರಬೇಕು” ಎಂದು ಶಿಫಾರಸು ಬೇರೆ ಮಾಡಿದರು. ಸುಮಂಗಲಾ ಮಂಡಿಯೂರಿ ಕೂತವಳು ಹಾಗೇ ಕೂತು, “ಮಷೀನ್ ಸರಿ ಅದ. ಹಂಗಾದ್ರ ನಾನ ಓದೂದು ತಪ್ಪೇನೇನು? ಹನ್ನೊಂದು ವರ್ಷದಾಗ ಒಮ್ಮಿನೂ ತಪ್ಪಿಲ್ಲಲ್ಲ” ಎಂದು ತನ್ನ ಕಣ್ಣನ್ನೇ ಉಜ್ಜಿಕೊಂಡಳು.

ಆ ಕಣ್ಣುಜ್ಜುವುದನ್ನು ನೋಡಲಾಗಲಿಲ್ಲ ಶೈಲಾ. “ಮಷೀನ್ ಸರಿ ಅದ ತಂಗಿ. ಕಲ್ಲೂ ಸರಿ ಅದಾವ. ನಾನ ಸರಿ ಇಲ್ಲ” ಎಂದು ಎಲ್ಲ ಹೇಳಿಬಿಟ್ಟೆ.

ಅವಳು ಒದರಾಡಿದ್ದರೆ ಹಗುರಾಗುತ್ತಿತ್ತು. ಸುಮ್ಮನೆ ಕಲ್ಲುಗಳನ್ನು ಒಂದೊಂದಾಗಿ ಗಲ್ಲೆಯ ಮೇಲೆ ಜೋಡಿಸಿಟ್ಟು, “ಮೂರು ತಿಂಗಳು ರೀ, ಗುರಮ್ಮಾರ. ಮೂರು ತಿಂಗಳ ಹಿಂದ ಚೀಟಿ ಬರದಿದ್ರ ಆ ಕೂಸಿಗೆ ಮೂರು ತಿಂಗಳ ಊಟ ಸಿಗ್ತಿತ್ತು. ಕಬ್ಬಿಣ ಗುಳಿಗಿ ನುಂಗಸ್ರಿ ಅಂದ್ರ ಕಬ್ಬಿಣ ಕಟ್ಟಿ ಕಳಸೀರಿ” ಅಂದಳು. ಹೋಗುವಾಗ, “ನೀವ ಹೋಗಿ ಡಯಟಿಷಿಯನ್ ಫರಹೀನ ಮೇಡಂ ಮುಂದ ಖುದ್ದ ಹೇಳಬೇಕು. ನಾ ಹೇಳೂದಿಲ್ಲ” ಅಂದಳು.

ಕಣ್ಣು ಎಳೆಯುತ್ತಿದೆ. ಉಳಿದದ್ದು ನಾಳೆ.

ಶುಕ್ರವಾರ

ಫರಹೀನ ಮೇಡಂ ಒಬ್ಬಳೇ ಮೂರು ತಾಲ್ಲೂಕು ತಿರುಗುತ್ತಾಳೆ: ಸೋಮವಾರ ಆಳಂದ, ಬುಧವಾರ ಅಫಜಲಪುರ, ಶುಕ್ರವಾರ ಜೇವರ್ಗಿ. ಸೋಮವಾರ ಆಳಂದಕ್ಕೆ ಹೋದರೆ ದವಾಖಾನೆಯ ಬಾಗಿಲಲ್ಲೇ ನಾಲ್ವರು ಗಿರಾಕಿಗಳು ಸಿಗುತ್ತಾರೆ. ಶುಕ್ರವಾರ ಜೇವರ್ಗಿಯಲ್ಲಿ ನೀನೇ ಇರುತ್ತೀ. ಆದ್ದರಿಂದ ಮೊನ್ನೆ ಬುಧವಾರ ಬಸ್ಸು ಬದಲಿಸಿ ಬದಲಿಸಿ ಅಫಜಲಪುರ ಮುಟ್ಟಿದೆ. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು, ನಾನು ನೋಡಲಿಲ್ಲ. ಆಕೆ ತತ್ತಿ ತಿನ್ನಿಸು ಅಂದರೆ ಏನು ಜವಾಬು ಕೊಡಬೇಕೆಂದು ಲಿಂಗವಂತರ ಆಚಾರದ ಮೇಲೆ ಒಂದು ಭಾಷಣ ತಯಾರು ಮಾಡುತ್ತಿದ್ದೆ.

ಅಲ್ಲಿ ನೋಡಿದರೆ ಪಾಳಿಯಲ್ಲಿ ಹದಿನೇಳು ಬಸುರಿಯರು, ಹದಿನೆಂಟನೆಯವಳು ನಾನು. ಅತನೂರಿನ ಒಬ್ಬ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆಯಿ, ನಿಮಗ ಎಷ್ಟರಾಗ ನಡದದ್ರೀ?” ಅಂದಳು. ಉಳಿದ ಹದಿನಾರೂ ಸೆರಗು ಬಾಯಿಗೆ ಹಿಡಿದವು.

“ಐವತ್ತೆಂಟರಾಗ ನಡದದವ್ವಾ” ಅಂದೆ, “ಬುದ್ಧಿ ಅನ್ನೂದು ಇನ್ನಾ ಹುಟ್ಟಿಲ್ಲ. ಅದಕ್ಕ ತೋರಸಾಕ ಬಂದೇನಿ.”

ನನ್ನ ಪಾಳಿ ಬಂತು. ಮೇಡಂ ಅಂದರೆ ಕನ್ನಡಕದ ಸಣ್ಣ ಹುಡುಗಿ, ಬಸ್ಸಿನ ಧೂಳು ಇನ್ನೂ ಬುರ್ಖಾದ ಮೇಲಿತ್ತು, ಡಬ್ಬಿ ಬಿಚ್ಚದೆ ಪಕ್ಕದಲ್ಲಿಟ್ಟಿದ್ದಳು. ಊಟದ ಮೇಡಂಗೇ ಊಟಕ್ಕೆ ಪುರುಸೊತ್ತಿಲ್ಲ! ನಾನು ಎಲ್ಲ ಹೇಳಿದೆ. ಬೈಯಲಿಲ್ಲ. “ಅಮ್ಮಾ, ಚಪ್ಪಲಿ ಬಿಟ್ಟು ಇದರ ಮ್ಯಾಲ ನಿಂದರ್ರಿ” ಅಂದಳು. ನಿಂತೆ.

“ಎಪ್ಪತ್ತೊಂದು. ಉಡ್ಯಾಗ ಏನರ ಅದ ಏನ್ರಿ?”

“ಏನಿಲ್ಲವ್ವಾ.”

“ಅತ್ತೀದು ಎಪ್ಪತ್ತೊಂದು, ಸೊಸೀದು ನಲವತ್ತೈದು, ಅದರಾಗ ಇಬ್ಬರು. ಲೆಕ್ಕ ಎಲ್ಲಿ ತಪ್ಪೇದ ಅಂತ ನಾ ಬ್ಯಾರೆ ಹೇಳಬೇಕೇನ್ರಿ?”

ಹೇಳಬೇಕಾಗಿರಲಿಲ್ಲ. ಆದರೂ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದಳು: ಕೂಸು ಇರುವ ಚೀಲ ಬೇರೆ, ರೊಟ್ಟಿ ಹೋಗುವ ಚೀಲ ಬೇರೆ. ಒಂದು ತುಂಬಿದರೆ ಇನ್ನೊಂದಕ್ಕೆ ಜಾಗ ಕಮ್ಮಿ ಆಗುವುದಿಲ್ಲ. ಉಪ್ಪಿನ ಚೀಲ ಬೇರೆ, ಸಕ್ಕರೆಯ ಚೀಲ ಬೇರೆ ಎಂದು ನಲವತ್ತು ವರ್ಷದಿಂದ ಬಲ್ಲ ನನಗೆ ಇಷ್ಟು ತಿಳಿದಿರಲಿಲ್ಲ. ಸಣ್ಣ ಕೂಸು ಸರಳ ಬರುತ್ತದೆ ಅನ್ನುವುದೂ ಸುಳ್ಳಂತೆ. ಸೊರಗಿದ ಕೂಸಿಗೆ ಬರುವ ದಾರಿಯಲ್ಲೇ ದಮ್ಮು ಸಾಲುವುದಿಲ್ಲ, ಬಂದ ಮೇಲೆ ಮೈ ಬಿಸಿ ಉಳಿಯುವುದಿಲ್ಲ, ಹಾಲು ಎಳೆಯಲು ಬಲ ಇರುವುದಿಲ್ಲ. ತಾಯಿ ಹದವಾಗಿ ತುಂಬಿಕೊಂಡಷ್ಟೂ ಇಬ್ಬರಿಗೂ ಒಳ್ಳೆಯದು. ನಿನಗೆ ಇನ್ನು ವಾರಕ್ಕೆ ಅರ್ಧ ಕಿಲೋ ಏರಬೇಕು, ಅಷ್ಟೇ ಅವಳ ಬೇಡಿಕೆ. ತತ್ತಿಯ ಮಾತೇ ಎತ್ತಲಿಲ್ಲ. ನನ್ನ ಭಾಷಣ ಹಾಗೇ ವಾಪಸ್ ಬಂತು. ಅವಳು ಹೇಳಿದ್ದೆಲ್ಲ ನಮ್ಮ ಅಂಗಡಿಯಲ್ಲೇ ಇರುವ ಸಾಮಾನು. ನೆನೆಸಿದ ಶೇಂಗಾ ಒಂದು ಹಿಡಿ ಬೆಲ್ಲದ ಜೊತೆ, ಗಟ್ಟಿ ತೊಗರಿಬೇಳೆ, ಪುಂಡಿಪಲ್ಯ, ಹಾಲು, ಮೊಸರು, ಒಂದು ಹೊತ್ತಿಗೆ ಎರಡು ರೊಟ್ಟಿ, ಅದೂ ಒಮ್ಮೆಗೇ ತುರುಕದೆ ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ.

“ಇಷ್ಟೂ ನಾ ನಿಮ್ಮ ಸೊಸಿಗಿ ಹೇಳೇನಿ ಅಮ್ಮಾ. ಹ್ಞೂ ಅಂತಾಳ, ಉಣ್ಣಾಂಗಿಲ್ಲ. ಅಕಿಗಿ ಹಸಿವು ಇಲ್ಲಂತಲ್ಲ, ಹೆದರಿಕಿ ಅದ. ನನ್ನ ಹಾಳಿಯಿಂದ ಅದು ಹೋಗೂದಿಲ್ಲ. ಹೆದರಿಕಿ ಹಾಕಿದವ್ರ ತಗೀಬೇಕು” ಎಂದು ನನ್ನ ಮುಖ ನೋಡಿದಳು.

ಅದಕ್ಕೇ ಈ ಕಾಗದ, ಶೈಲಾ.

ಮನೆಯ ಸುದ್ದಿ ಹೇಳಬೇಕಲ್ಲ. ನಿನ್ನ ಗಂಡ ಸಿದ್ದಲಿಂಗನಿಗೆ ಎಲ್ಲ ಹೇಳಿದೆ. ಲೈನ್‌ಮನ್ ಕೆಲಸ ಇದ್ದದ್ದು ಅವನಿಗೆ ಅನುಕೂಲವಾಯಿತು, ಮುಂಜಾನೆ ಕಂಬ ಏರಿದವನು ಸಂಜೆಯವರೆಗೆ ಇಳಿಯುವುದಿಲ್ಲ. ಇಳಿದರೂ ನನ್ನ ಕೂಡ ಮಾತಿಲ್ಲ; “ಅವ್ವಗ ಹೇಳ್ರಿ, ಉಪ್ಪು ಕೊಡಂತ” ಎಂದು ತನ್ನ ಅಪ್ಪನ ಮೂಲಕ ಅರ್ಜಿ ಹಾಕುತ್ತಾನೆ. ನಿಮ್ಮ ಮಾವ ಇಬ್ಬರ ನಡುವೆ ಟಪಾಲು ಒಯ್ದು ಒಯ್ದು ಬೇಸತ್ತಿದ್ದಾರೆ. ನಿನ್ನೆ ನನಗೆ, “ಹುಡುಗಿ ಉಂಡ್ಲಂತ ಒಂದು ಸುದ್ದಿ ಬರಲಿ, ಆಮ್ಯಾಗ ನಿಮ್ಮ ಜಗಳ ಮಾಡ್ಕೋರಿ” ಅಂದರು.

ಈ ಕಾಗದದ ಜೊತೆ ಸಿದ್ದಲಿಂಗನ ಕೈಯಲ್ಲಿ ಶೇಂಗಾದ ಉಂಡಿ ಕಳಿಸಿದ್ದೇನೆ. ನಾನೇ ಹುರಿದು ನಾನೇ ಕಟ್ಟಿದ್ದು. ಕೈ ನೋಯುತ್ತಿತ್ತು, ಅದಕ್ಕೆ ಕೆಲವು ಸಣ್ಣ ಕೆಲವು ದೊಡ್ಡ. ದೊಡ್ಡದನ್ನು ಮೊದಲು ತಿನ್ನು. ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟಿನಿಂದಲೇ ತಿನ್ನು, ಹಲ್ಲು ಕಡಿದು ತಿನ್ನು. ಆ ಮೇಡಂ ಹೇಳಿದ್ದಾಳೆ, ಸಿಟ್ಟಿನಲ್ಲಿ ತಿಂದದ್ದೂ ಕೂಸಿಗೆ ಮುಟ್ಟುತ್ತದಂತೆ. ಹೇಳಿಲ್ಲ, ಇದು ನಾನೇ ಸೇರಿಸಿದ್ದು. ಆದರೂ ತಿನ್ನು.

ಬಸವಣ್ಣ ನಿನ್ನನ್ನೂ ನಿನ್ನ ಹೊಟ್ಟೆಯಲ್ಲಿರುವ ಜೀವವನ್ನೂ ಕಾಯಲಿ. ನಿನ್ನ ಮೈ ತುಂಬಲಿ, ಮುಖ ತುಂಬಲಿ. ನಿಮ್ಮವ್ವ ಅಪ್ಪನಿಗೆ ನನ್ನ ಶರಣು ತಿಳಿಸು. ಅವರೆದುರು ನಿಲ್ಲುವ ಧೈರ್ಯ ಬಂದ ದಿನ ನಾನೇ ಬಂದು ಎಲ್ಲ ಹೇಳುತ್ತೇನೆ.

ಇಂತಿ ನಿನ್ನ ಅತ್ತೆ,
ಗುರಮ್ಮ

ತಾ. ಕ.: ಇಷ್ಟು ಬರೆದ ಮೇಲೂ ನೀನು ಎರಡನೇ ರೊಟ್ಟಿಗೆ ಹೆದರುತ್ತೀ ಎಂದು ನನಗೆ ಗೊತ್ತು. ಯಾಕೆಂದರೆ ಯಾಕೆ ಎಂದು ನಾನು ಹೇಳಿಲ್ಲ. ಸಿದ್ದಲಿಂಗನಿಗಿಂತ ಮೊದಲು ನನಗೊಂದು ಹೆಣ್ಣು ಕೂಸಾಗಿತ್ತು. ಮೂವತ್ನಾಲ್ಕು ವರ್ಷ ಆಯಿತು. ಸಿದ್ದಲಿಂಗನಿಗೆ ಇದು ಗೊತ್ತಿಲ್ಲ. ಆಗ ಅಂಗಡಿ, ಅಡಿಗೆಮನೆ ಎರಡೂ ನನ್ನ ಅತ್ತೆಯ ಕೈಯಲ್ಲಿ. ಅವಳು ಕೆಟ್ಟವಳಲ್ಲ, ನನ್ನ ಹಾಗೆ ಎಲ್ಲ ತಿಳಿದವಳು; ನನಗೂ ಹೊತ್ತಿಗೆ ಒಂದೇ ರೊಟ್ಟಿ. ಎಂಟರಲ್ಲಿದ್ದೆ, ಹಸಿವು ತಡೆಯಲಾಗಲಿಲ್ಲ. ಮಧ್ಯಾಹ್ನ ಅಂಗಡಿ ಮುಚ್ಚಿದಾಗ ಚೀಲಗಳ ಹಿಂದೆ ನಿಂತು ಹುರಿದ ಪುಟಾಣಿ ಕಡಲೆ, ಬೆಲ್ಲ ಕದ್ದು ತಿಂದೆ. ನಾಲ್ಕು ದಿನ ತಿಂದೆ. ಐದನೇ ದಿನ ಹೆರಿಗೆಯ ಬ್ಯಾನಿ ಬಂತು. ಕೂಸು ನನ್ನ ಮೊಣಕೈಯಿಂದ ಮುಂಗೈವರೆಗೂ ಇರಲಿಲ್ಲ. ಮೂರು ದಿನ ಇತ್ತು. “ಕದ್ದು ತಿಂದಿ, ಕೂಸಿಗೆ ಇಕ್ಕಟ್ಟಾತು” ಅಂದಳು ಅತ್ತೆ. ಅಂದಿನಿಂದ ನನ್ನ ಕೂಸನ್ನು ನಾನೇ ತಿಂದೆ ಎಂದು ತಿಳಿದುಕೊಂಡು ಬದುಕಿದ್ದೇನೆ. ನಿನ್ನ ಕೈಯಲ್ಲಿ ಎರಡನೇ ರೊಟ್ಟಿ ಕಂಡಾಗೆಲ್ಲ ನನ್ನ ಎದೆ ಹಾರುತ್ತಿದ್ದದ್ದು ಅದಕ್ಕೆ.

ಫರಹೀನ ಮೇಡಂಗೆ ಇದನ್ನೂ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು, “ಆವಾಗ ಏನಾಗಿತ್ತೋ ನಾ ಹೇಳಾಕ ಬರಾಂಗಿಲ್ಲ ಅಮ್ಮಾ. ಆದ್ರ ನೀವು ತಿಂದಿದ್ದಕ್ಕ ಹೋಗಿಲ್ಲ. ಆ ನಾಕು ದಿನ ನೀವು ತಿಂದಿದ್ದು, ಅಷ್ಟ ಅಕಿಗಿ ಸಿಕ್ಕಿದ್ದು” ಅಂದಳು.

ನಾಲ್ಕು ಹಿಡಿ ಪುಟಾಣಿ, ಬೆಲ್ಲ. ನನ್ನ ಮಗಳಿಗೆ ನಾನು ಉಣಿಸಿದ್ದು ಅಷ್ಟೇ, ಅದೂ ಹೆದರಿ ಹೆದರಿ. ನೀ ಹೆದರಬ್ಯಾಡ ಬೇ. ಪಡಸಾಲ್ಯಾಗ ಎಲ್ಲಾರ ಮುಂದ ಕುಂತು ಉಣ್ಣು.